ಪೊಲೀಸರಿಗೆ ಸುದ್ದಿ ಕೊಟ್ಟವರು

ನಗರಸಭೆಯ ಹುಡುಗಿ ಎರಡನೇ ಸಲ ಬಂದಾಗಲೂ ಟೈಲರಮ್ಮ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ಬಿಳಿಯರ ಹುಡುಗಿ, ನಗುಮುಖ, ಕಂಕುಳಲ್ಲಿ ಕಡತ. ನಲವತ್ತು ವರ್ಷದ ಹಿಂದೆ, ಕರಿಯರಿಗೆ ಪ್ರವೇಶವಿಲ್ಲದ ದೊಡ್ಡ ವಾಚನಾಲಯದೊಳಗೆ ಹೋಗಿ ಕುರ್ಚಿ ಹಿಡಿದು ಕೂತ ಹನ್ನೊಂದು ಜನರ ಹೆಸರನ್ನು ಈಗ ಅದೇ ಗೋಡೆಗೆ ಹಾಕುತ್ತಾರಂತೆ. ಆ ಹನ್ನೊಂದರಲ್ಲಿ ಟೈಲರಮ್ಮನೂ ಒಬ್ಬಳು. ಅಂದು ಜುಟ್ಟು ಹಿಡಿದು ಹೊರಗೆ ದಬ್ಬಿದವರಿಗೆ ಇಂದು ಯಾಕಿಷ್ಟು ಅಕ್ಕರೆ ಉಕ್ಕಿತು ಎಂದು ಅವಳಿಗೆ ಗುಮಾನಿ. ಚುನಾವಣೆ ಹತ್ತಿರ ಬಂದಿರಬೇಕು, ಇಲ್ಲವೇ ಯಾರಿಗೋ ಹಳೇ ಪಾಪ ತೊಳೆದುಕೊಳ್ಳಬೇಕಾಗಿರಬೇಕು.

ಆದರೆ ಹುಡುಗಿ ಹೋಗುವಾಗ ಒಂದು ಮಾತು ಬಿಟ್ಟುಹೋದಳು. ಅಂದಿನ ಪೊಲೀಸ್ ಕಡತಗಳನ್ನು ದಾಖಲೆ ಕಚೇರಿಯಲ್ಲಿ ಈಗ ಯಾರು ಬೇಕಾದರೂ ನೋಡಬಹುದು. ಅದನ್ನು ಕೇಳಿದ ಮೇಲೆ ಟೈಲರಮ್ಮನ ಹೊಲಿಗೆ ನೆಟ್ಟಗೆ ಬೀಳಲಿಲ್ಲ.

ಏಕೆಂದರೆ ಅಂದು ಅವರು ವಾಚನಾಲಯದ ಹೊಸ್ತಿಲು ದಾಟುವ ಮೊದಲೇ ಪೊಲೀಸರು ಒಳಗೆ ಕಾದು ಕೂತಿದ್ದರು. ಲಾಠಿ ಏಟಿಗೆ ಜೊತೆಯಲ್ಲಿದ್ದ ಬಡಗಿಯ ಒಂದು ಕಣ್ಣು ಹೋಯಿತು. ಮುಂದಾಳಾಗಿದ್ದ ಮೇಷ್ಟ್ರ ಕಾಲು ಮುರಿಯಿತು. ಮೇಷ್ಟ್ರೆಂದರೆ ಟೈಲರಮ್ಮನ ಸ್ವಂತ ಅಣ್ಣ. ಇವತ್ತಿಗೂ ಕಾಲೆಳೆದುಕೊಂಡೇ ನಡೆಯುತ್ತಾನೆ. ವಿಷಯ ಗೊತ್ತಿದ್ದವರು ಹನ್ನೆರಡು ಜನ, ಬಂದವರು ಹನ್ನೊಂದು. ಬಾರದವಳು ಟೈಪಿಸ್ಟ್, ಟೈಲರಮ್ಮನ ಜೀವದ ಗೆಳತಿ. ತಾಯಿಗೆ ಜ್ವರವಿತ್ತು ಅಂದಳು. ಆ ಜ್ವರವನ್ನು ಯಾರೂ ನಂಬಲಿಲ್ಲ. ಬೀದಿಯೆಲ್ಲ ಗುಸುಗುಸು ಆಯಿತು, ಟೈಪಿಸ್ಟಳಿಗೆ ನಿಶ್ಚಯವಾಗಿದ್ದ ಮದುವೆಯೂ ಮುರಿದುಬಿತ್ತು. ಅವಳು ಎದುರಾದರೆ ಟೈಲರಮ್ಮ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ನಲವತ್ತು ವರ್ಷ ಹಾಗೇ ಕಳೆಯಿತು.

ದಾಖಲೆ ಕಚೇರಿಯ ಬಾಗಿಲಲ್ಲಿ ಅವಳ ಮುಂದಿದ್ದ ಇಬ್ಬರು ಬಿಳಿಯರು ಸಲೀಸಾಗಿ ಒಳಗೆ ಹೋದರು. ಕಾವಲುಗಾರ ಟೈಲರಮ್ಮನ ಚೀಲ ಮಾತ್ರ ಬಿಚ್ಚಿಸಿದ. ಕತ್ತರಿ ಸಿಕ್ಕಿತು. ಕಳ್ಳಮಾಲು ಸಿಕ್ಕಂತೆ ಅದನ್ನು ಎತ್ತಿ ಹಿಡಿದು, ಇಲ್ಲಿಗೇಕೆ ಬಂದಿರೆಂದು ಎರಡೆರಡು ಸಲ ಕೇಳಿದ. ‘ಕರಿಯರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಕಿತ್ತರೂ ಬುದ್ಧಿ ಅಲ್ಲೇ ಇದೆ ಎಂದುಕೊಂಡು ಅವಳು ಕತ್ತರಿಯನ್ನು ಅವನ ಮೇಜಿನ ಮೇಲೇ ಬಿಟ್ಟು ಒಳಗೆ ಹೋದಳು.

ಕಡತದಲ್ಲಿ ಟೈಪಿಸ್ಟಳ ಹೆಸರು ಸಿಗುತ್ತದೆಂದು ಹುಡುಕುತ್ತಿದ್ದವಳಿಗೆ ಸಿಕ್ಕಿದ್ದು ಒಂದು ಪತ್ರ, ಪೊಲೀಸ್ ಅಧಿಕಾರಿಗೆ ಬರೆದದ್ದು. ‘ನಾಳೆ ಬೆಳಿಗ್ಗೆ ಹತ್ತಕ್ಕೆ ವಾಚನಾಲಯಕ್ಕೆ ಬರುತ್ತೇವೆ. ನಮ್ಮ ಕೈಯಲ್ಲಿ ಆಯುಧ ಇರುವುದಿಲ್ಲ. ಓದುವುದಕ್ಕೆ ಬರುತ್ತೇವೆ.’ ಕೆಳಗೆ ಅಣ್ಣನ ಸಹಿ.

ಮೂರು ಸಲ ಓದಿದಳು. ಖೋಟಾ ಸಹಿ ಮಾಡುವುದು ಆ ಕಾಲದ ಪೊಲೀಸರಿಗೆ ಎಷ್ಟರ ಕೆಲಸ? ನಕಲು ಮಾಡಿಸಿಕೊಂಡು ನೇರ ಅಣ್ಣನ ಮನೆಗೆ ನಡೆದಳು.

"ಇದು ಪೊಲೀಸ್ರ ಕೈಚಳಕ ತಾನೇ?"

ಮೇಷ್ಟ್ರು ಹಾಳೆ ನೋಡಿ ಕನ್ನಡಕ ತೆಗೆದಿಟ್ಟ. "ಅಲ್ಲ. ನಾನೇ ಬರೆಸಿದ್ದು."

ಕಳ್ಳರ ಹಾಗೆ ನುಗ್ಗಿದರು ಅನ್ನಿಸಿಕೊಳ್ಳಬಾರದು, ಹೇಳಿಯೇ ಬಂದರು ಅನ್ನಿಸಿಕೊಳ್ಳಬೇಕು ಎಂಬುದು ಅವನ ಹಟವಾಗಿತ್ತಂತೆ. ಮೊದಲೇ ತಿಳಿಸಿದರೆ ಪೊಲೀಸರು ಕೈ ಮಾಡುವುದಿಲ್ಲ ಎಂದು ನಂಬಿದ್ದ. ಉಳಿದವರಿಗೆ ಹೇಳಿದ್ದರೆ ಅರ್ಧಕ್ಕರ್ಧ ಜನ ಬರುತ್ತಿರಲಿಲ್ಲ, ಅದಕ್ಕೇ ಮುಚ್ಚಿಟ್ಟ. ಬಡಗಿಯ ಕಣ್ಣು ಹೋದ ಮೇಲೆ ಬಾಯಿ ಬಿಡುವ ಧೈರ್ಯ ಬರಲಿಲ್ಲ.

"ಮತ್ತೆ ಅವಳು?"

"ಟೈಪ್ ಮಾಡಿದ್ದು ಅವಳೇ. ನಮ್ಮನ್ನ ಹಿಡಿದು ಹಾಕಿದ್ರೆ ವಕೀಲರನ್ನ ಕರ್ಕೊಂಡು ಬರೋಕೆ ಒಬ್ರು ಹೊರಗಿರಬೇಕಿತ್ತು. ಬರಬೇಡ ಅಂದವನು ನಾನು. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡವನೂ ನಾನು."

ಮುರಿದ ಕಾಲಿಗೆ ಸರಿಹೋಗುವ ಹಾಗೆ ಅವನ ಒಂದೊಂದು ಪ್ಯಾಂಟನ್ನೂ ಅಳೆದು ಹೊಲಿದುಕೊಟ್ಟವಳು ಟೈಲರಮ್ಮ. ಈಗ ಅವನ ಮುಖ ಯಾರದೋ ಮುಖದಂತೆ ಕಂಡಿತು.

"ನಾನು ಅವಳಿಗೆ ಶಾಪ ಹಾಕ್ತಿದ್ದಾಗೆಲ್ಲ ನೀನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ, ಅಣ್ಣ."

ಭಾನುವಾರದೊಳಗೆ ಬಡಗಿಗೆ ನೀನೇ ಹೇಳಬೇಕು, ಇಲ್ಲವಾದರೆ ನಾನು ಹೇಳುತ್ತೇನೆ ಎಂದು ಗಡುವು ಕೊಟ್ಟು ಅವಳು ಎದ್ದು ಬಂದಳು. ಶನಿವಾರ ಅವನು ಹೋದ. ಬಡಗಿ ಎಲ್ಲ ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡನಂತೆ.

ಟೈಲರಮ್ಮ ಹೋಗಿ ತಟ್ಟಿದಾಗ ಟೈಪಿಸ್ಟಳೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಸರಪಳಿ ಹಾಕಿದ ಸಂದಿಯಿಂದ ಮೊದಲು ಟೈಲರಮ್ಮನ ಕೈ ನೋಡಿದಳು, ಆಮೇಲೆ ಅವಳ ಹಿಂದೆ ಬೀದಿ ನೋಡಿದಳು. ಯಾರು ಕಳಿಸಿದ್ದು ಎಂದು ಕೇಳಿದಳು. ಟೈಲರಮ್ಮ ನಕಲನ್ನು ಸಂದಿಯಲ್ಲಿ ತೂರಿಸಿದಳು. ಟೈಪಿಸ್ಟ್ ಅದನ್ನು ನೋಡಿ ಹಾಗೇ ವಾಪಸು ಕೊಟ್ಟಳು.

"ನನ್ನ ನಂಬೋಕೆ ನಿನಗೆ ಕಾಗದ ಬೇಕಾಯ್ತು. ಆಗ ನಿಮ್ಮನೆ ಬಾಗಿಲಿಗೆ ಮೂರು ಸಲ ಬಂದಿದ್ದೆ, ನೀನು ಮುಖ ಕೂಡ ತೋರಿಸ್ಲಿಲ್ಲ."

ಗೋಡೆ ಮೇಲೆ ನಿನ್ನ ಹೆಸರನ್ನೂ ಹಾಕಿಸುತ್ತೇನೆ ಅಂದಳು ಟೈಲರಮ್ಮ.

"ಗೋಡೆ ಹಾಳಾಗ್ಲಿ. ಮೊದಲು ಬೀದಿಯವರಿಗೆ ಹೇಳು."

ಮರುದಿನ ಬೆಳಿಗ್ಗೆ ಟೈಲರಮ್ಮ ಮೂಲೆಮನೆಯಿಂದ ಶುರುಮಾಡಿದಳು. ಆ ಮನೆಯ ಅಜ್ಜಿ ಕೊನೆಯವರೆಗೂ ಕೇಳಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೀಗೆ ಹೇಳು ಅಂತ ನಿನಗೆ ಯಾರು ಹೇಳಿಕೊಟ್ರು?" ಎಂದು ಕೇಳಿದಳು. ಟೈಲರಮ್ಮ ಜಗಲಿಯ ಮೇಲೆ ಕೂತು ಮತ್ತೆ ಮೊದಲಿನಿಂದ ಹೇಳತೊಡಗಿದಳು.