ತೇಲಿದ್ದು ಮನೆಗೆ

ಕತ್ತರಿ ಸಿಗದೆ ಮಗಳು ಕಾಫಿ ಪೊಟ್ಟಣದ ಬಾಯನ್ನು ಹಲ್ಲಿನಿಂದಲೇ ಹರಿದಳು. ಅಮ್ಮನನ್ನು ಮಣ್ಣು ಮಾಡಿ ಬಂದವರು ಹಜಾರದಲ್ಲಿ ಕೂತಿದ್ದರು. ಅಣ್ಣ ಅಡುಗೆಮನೆಯ ಬಾಗಿಲಿಗೆ ಓಡಿಬಂದ.

“ಏಯ್, ಅದು ನಾಳೆ ಬರೋ ಖರೀದಿದಾರರಿಗೆ ಕಣೇ! ಹುರಿದಿರೋದೇ ಅದೊಂದು. ಮನೆಪುಡಿ ಡಬ್ಬೀಲಿ ಇದೆಯಲ್ಲ?”

“ಇದೆ. ಇವತ್ತು ಅದನ್ನ ಕೊಡಲ್ಲ.”

“ಅವರು ಬಂದಿರೋದು ಸಾವಿಗೆ. ರುಚಿ ನೋಡೋಕಲ್ಲ.”

“ಅಮ್ಮ ಬೆಳೆದಿದ್ದು ಇದು. ಅಮ್ಮನಿಗೋಸ್ಕರ ಬಂದವರು ಒಂದು ಗುಟುಕಾದ್ರೂ ಕುಡೀಲಿ.”

ಪೊಟ್ಟಣದ ಮೇಲೆ ಕಪ್ಪು ಚುಕ್ಕೆಗಳ ಒಂದು ಚೌಕ. ಮೊಬೈಲ್ ಹಿಡಿದರೆ ಸಾಕು, ಕಾಫಿಯ ಜಾತಕವೇ ಹೊರಬೀಳುತ್ತಿತ್ತು: ಗುಡ್ಡದ ಯಾವ ಮಗ್ಗುಲು, ಕೊಯ್ದದ್ದು ಯಾವತ್ತು, ಎಷ್ಟು ಬಿಸಿಲು ಕುಡಿಯಿತು. ಕೊನೆಗೆ, ಕೈಕಟ್ಟಿ ನಗುವ ಅಣ್ಣ. ಆ ಚಿತ್ರ ತೆಗೆಯುವಾಗ, ಗಿಡ ನೆಟ್ಟ ಅಮ್ಮನೂ ಪಕ್ಕದಲ್ಲೇ ಇದ್ದಳು. ಮಗನ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿದಿದ್ದಳು.

*

ಆ ಮನೆಯ ಕಾನೂನು ಹಳೆಯದು. ಕೊಯ್ದ ಹಣ್ಣನ್ನು ತೊಟ್ಟಿಯ ನೀರಿಗೆ ಸುರಿದರೆ ಮುಳುಗಿದ್ದು ಮಾರಾಟಕ್ಕೆ, ಜೊಳ್ಳಾಗಿ ತೇಲಿದ್ದು ಮನೆಗೆ. ಅಮ್ಮ ಆ ಜೊಳ್ಳನ್ನೇ ಕರ್ರಗೆ ಹುರಿದು, ಹಾಲು ಸಕ್ಕರೆ ಸುರಿದು, ಬದುಕೆಲ್ಲ ಕುಡಿದಳು. ಹಾಸಿಗೆ ಹಿಡಿದ ಮೇಲೆ ಒಮ್ಮೆ ಮಾತ್ರ ಕೇಳಿದ್ದಳು.

“ಆ ಪೊಟ್ಟಣದ್ದು ಒಂದು ಲೋಟ ಕೊಡೋ.”

“ಮುಂದಿನ ಕೊಯ್ಲಾಗ್ಲಿ ಕಣಮ್ಮ. ನಿಂಗೇ ಅಂತ ಒಂದು ತೆಗೆದಿಡ್ತೀನಿ.”

“ಹೂಂ,” ಎಂದು ಅಮ್ಮ ಗೋಡೆಯ ಕಡೆ ಹೊರಳಿದ್ದಳು. ಮಗಳು ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು. ಕೇಳಿಸಿಕೊಂಡೂ ಮುಂದಿನ ಬಟ್ಟೆ ಎತ್ತಿಕೊಂಡಳು.

*

ಹಾಲಿಲ್ಲ, ಸಕ್ಕರೆಯಿಲ್ಲ. ಅಣ್ಣ ದೊಡ್ಡ ಮನುಷ್ಯರಿಗೆ ಕೊಡುವ ಹಾಗೆಯೇ ಮಗಳು ಹಜಾರದಲ್ಲಿ ಎಲ್ಲರಿಗೂ ಹಂಚಿದಳು.

ಸೋದರಮಾವ ಖರೀದಿದಾರರನ್ನು ಅಣಕಿಸುವುದರಲ್ಲಿ ಎತ್ತಿದ ಕೈ. ಸಾವಿನ ಮನೆಯೆಂಬುದನ್ನೂ ಮರೆತು, ಕಣ್ಣುಮುಚ್ಚಿ, ಸೊರ್ರೆಂದು ಎಳೆದ. “ಆಹಾ! ಕಿತ್ತಳೆ... ಮಲ್ಲಿಗೆ... ದೂರದಲ್ಲೆಲ್ಲೋ ಜೇನು...” ಅಷ್ಟರಲ್ಲಿ ಮುಖ ಕಿವುಚಿದ. “ಥೂ, ಹುಳಿ! ಏನೇ ಪುಟ್ಟಿ ಇದು?”

“ಅಮ್ಮನ ತೋಟದ್ದೇ ಮಾವ. ಒಳ್ಳೇದು.”

“ಒಳ್ಳೇದಾ? ನಮ್ಮಕ್ಕನ ಕಾಫಿ ಕುಡಿದ್ರೆ ಸಂಜೇವರೆಗೂ ನಾಲಿಗೆ ಮೇಲೆ ಕಾಲು ನೀಡಿ ಕೂತಿರ್ತಿತ್ತು. ಇದು ಕಷಾಯಾನೂ ಅಲ್ಲ, ಶರಬತ್ತೂ ಅಲ್ಲ.”

“ಸುಮ್ನಿರಿ, ಪಾಪ,” ಎಂದಳು ಪಕ್ಕದ ತೋಟದಾಕೆ. “ಸಂಕಟದಲ್ಲಿ ಪುಡಿ ಕೆಟ್ಟಿರೋದು ಗೊತ್ತಾಗಿಲ್ಲ ಮಗೂಗೆ.” ಹೇಳಿದ್ದು ಪಿಸುಮಾತಿನಲ್ಲೇ, ಇಡೀ ಹಜಾರಕ್ಕೆ ಕೇಳುವಂಥ ಪಿಸುಮಾತು.

ಒಂದೊಂದೇ ಲೋಟ ಕುರ್ಚಿಯ ಕೆಳಗೆ ಸರಿಯಿತು. ಅಪ್ಪನೂ ತನ್ನದನ್ನು ಮೆಲ್ಲಗೆ ಮಗಳ ಕೈಗೇ ಕೊಟ್ಟ. “ನಿಮ್ಮಮ್ಮ ಹಾಲು ಹಾಕ್ದೆ ಕೊಡ್ತಿರ್ಲಿಲ್ಲ ಕಣಮ್ಮ.”

“ಆಯ್ತಾ ಸಮಾಧಾನ?” ಎಂದ ಅಣ್ಣ. ಮನೆಪುಡಿಯ ಡಬ್ಬಿ ತೆಗೆದು ತಾನೇ ಒಲೆ ಹಚ್ಚಿದ.

ಆ ಸೀದ ವಾಸನೆ ಹಜಾರಕ್ಕೆ ಮುಟ್ಟಿದ್ದೇ ತಡ, ಬೆಳಗಿನಿಂದ ಕಲ್ಲಿನಂತಿದ್ದ ಅಪ್ಪ ಗೊಳೋ ಎಂದು ಅತ್ತ. ಮಾವ ಅವನ ಹೆಗಲು ಹಿಡಿದುಕೊಂಡ.

ಮಗಳು ತನ್ನ ಲೋಟ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಒಂದು ಗುಟುಕು ಕುಡಿದಳು. ಅವಳೂ ಮುಖ ಕಿವುಚಿದಳು. ಹಿತ್ತಿಲ ಬಾಗಿಲಿನಿಂದ ಅಡುಗೆಮನೆಯೊಳಗೆ ಇಣುಕಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕೈಚಾಚಿ ಸಕ್ಕರೆ ಡಬ್ಬಿ ತೆಗೆದುಕೊಂಡಳು. ಒಂದು ಚಮಚ ಹಾಕಿ ಕಲಕಿದಳು. ರುಚಿ ನೋಡಿ, ಇನ್ನೊಂದು ಹಾಕಿದಳು.