ಅಧ್ಯಕ್ಷರ ಎಡಗಡೆಯ ಹಲ್ಲು

ಹೊಳೆಯಿತಲ್ಲ, ಇಗೋ ಮತ್ತೆ, ಚಿನ್ನ ಎಂದಾಗಲೆಲ್ಲ ತುಟಿ ಸರಿದು ಎಡಗಡೆಯ ಆ ಹಲ್ಲು ಮಿಂಚುತ್ತದೆ, ಅಪ್ಪಟ ಚಿನ್ನದ ಹಲ್ಲು, ಇಪ್ಪತ್ತು ವರ್ಷದಿಂದ ಪಾಸ್ಟರುಗಳ ಸಂಘದ ಅಧ್ಯಕ್ಷರ ಬಾಯಲ್ಲೇ ಇದೆ, ಇವತ್ತೇ ಯಾಕೆ ಕಣ್ಣಿಗೆ ಚುಚ್ಚಬೇಕು ಎಂದು ಕಾರ್ಯದರ್ಶಿ ಪಾಸ್ಟರು ಪೆನ್ನಿನ ಮುಚ್ಚಳ ಕಚ್ಚಿದರು, ಬರಕೊಳ್ಳಿ ಕಾರ್ಯದರ್ಶಿಗಳೇ, ಮೈಮೇಲೆ ಚಿನ್ನ ಧರಿಸೋದು ಲೋಕದ ಮೋಹ, ಧರಿಸಿದವಳ ಗಂಡ ಆರು ತಿಂಗಳು ಪ್ರಸಂಗಪೀಠ ಹತ್ತಿ ಬೋಧಿಸಕೂಡದು, ಅಧ್ಯಕ್ಷರು ಹೇಳಿದ್ದನ್ನು ಹಾಗೇ ಬರೆದರು, ಎದುರಿನ ಮಡಚುವ ಕುರ್ಚಿಯಲ್ಲಿ ಚಿಕ್ಕ ಪಾಸ್ಟರು ತಲೆ ತಗ್ಗಿಸಿದ್ದಾರೆ, ಪಕ್ಕದಲ್ಲಿ ಹೆಂಡತಿ, ಅವಳ ಕಿವಿಯಲ್ಲಿ ಸಾಸಿವೆ ಕಾಳಿನಷ್ಟು ಓಲೆ, ಅಮ್ಮ ಸಾಯೋ ಮುಂಚೆ ಕೈಯಾರೆ ಹಾಕಿದ್ದು ಅಯ್ಯನವರೇ, ತೆಗೆಯೋಕೆ ಮನಸ್ಸು ಬರ್ಲಿಲ್ಲ — ಮನಸ್ಸು ಬರ್ಬೇಕಮ್ಮ, ಅದಕ್ಕೇ ಪವಿತ್ರಾತ್ಮ ಇರೋದು, ಎಂದರು ಅಧ್ಯಕ್ಷರು, ಮಿಂಚಿತು — ಹೋದ ವರ್ಷ ಅವರ ಸೊಸೆ ಮೂರೆಳೆ ಸರ ಹಾಕಿಕೊಂಡ ಫೋಟೋ ಬಂದಾಗ ಇದೇ ಮೇಜು, ಇದೇ ಆರಿದ ಕಾಫಿ, ಮಗು ಅದು, ಪ್ರಾರ್ಥನೆ ಮಾಡೋಣ ಎಂದಿದ್ದರು, ಅವರ ಮನೆಯಾಕೆಯ ಚಿನ್ನದ ಗಡಿಯಾರ, ಅದು ಆಭರಣ ಅಲ್ಲ ಬ್ರದರ್, ಸಮಯ, ಆ ಸಮಯವೋ ಕೆಟ್ಟು ನಿಂತು ಎರಡು ವರ್ಷವಾಯಿತು, ಅತ್ತೆ ಒಡೆದರೆ ಓಡು, ಸೊಸೆ ಒಡೆದರೆ ಹೊಸ ಮಡಕೆ ಅಂತಾರೆ, ಅಧ್ಯಕ್ಷರ ಮನೆಯಲ್ಲಿ ಯಾರು ಒಡೆದರೂ ಓಡೇ — ನಗು ಬಂತು, ನುಂಗಿಕೊಂಡರು, ನಗಲು ತನಗೇನು ಹಕ್ಕು, ಎಲ್ಲಕ್ಕೂ ಸಹಿ ಹಾಕಿದ್ದು ಇದೇ ಕೈ, ಮದುವೆಯಾದ ವಾರಕ್ಕೇ ತನ್ನ ಹೆಂಡತಿಯ ಓಲೆ ಬಿಚ್ಚಿಸಿದ್ದೂ ಇದೇ ಕೈ, ಅವಳ ಕಿವಿಯ ತೂತು ಮುಚ್ಚಿಹೋಗಿ ಈಗ ಬರೀ ಚುಕ್ಕಿ, ಇವತ್ತು ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಾ, ರೀ, ಆ ಹುಡುಗೀದು ತೆಗೆಸ್ಬೇಡಿ, ಎಂದಳು, ಮೂವತ್ತು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಒಪ್ಪೋರು ಕೈ ಎತ್ತಿ, ನಾಲ್ವರು ಹಿರಿಯ ಪಾಸ್ಟರುಗಳ ನಾಲ್ಕು ಕೈ ಮೇಲೆದ್ದವು, ಐದನೆಯದು, ತನ್ನದು, ಮೇಜಿಗೆ ಅಂಟಿಕೊಂಡಿದೆ, ಬದಲಿಗೆ ನಾಲಿಗೆ ಎದ್ದಿತು, ಒಂದು ಸಂಶಯ ಅಯ್ಯನವರೇ, ಮೈಮೇಲೆ ಚಿನ್ನ ಅಂತ ಬರ್ದಿದೀನಿ, ಬಾಯೊಳಗೆ ಇದ್ರೆ ಅದೂ ಇದ್ರಲ್ಲೇ ಬರುತ್ತಾ, ಬೇರೆ ಕಲಂ ಹಾಕ್ಲಾ — ದೇವರೇ, ಹೇಳಿಯೇಬಿಟ್ಟೆನಾ, ಫ್ಯಾನು ಕಿರ್ ಎಂದಿತು, ಎತ್ತಿದ ಕೈಗಳಲ್ಲೊಂದು ಮೆಲ್ಲಗೆ ತಲೆ ಕೆರೆಯಲು ಇಳಿಯಿತು, ಇನ್ನೊಂದು ಕನ್ನಡಕ ಒರೆಸಲು, ಉಳಿದೆರಡಕ್ಕೂ ಏನೋ ಕೆಲಸ ಸಿಕ್ಕಿತು, ಅಧ್ಯಕ್ಷರ ಬಾಯಿ ಗಪ್ಪನೆ ಮುಚ್ಚಿಕೊಂಡಿತು, ತುಟಿ ಬಿಗಿಹಿಡಿದೇ ಮೂಗಿನಲ್ಲಿ, ಹ್ಞೂಂ, ಈ ವಿಷ್ಯ ಕೈಬಿಡಿ, ಆ ಹುಡುಗಿ ನಂಬಲಾಗದೆ ಕಿವಿ ಮುಟ್ಟಿ ನೋಡಿಕೊಂಡಳು, ಮುಕ್ತಾಯದ ಪ್ರಾರ್ಥನೆ ಅಧ್ಯಕ್ಷರದ್ದೇ, ಎಲ್ಲರೂ ಕಣ್ಣು ಮುಚ್ಚಿದರು, ಕಾರ್ಯದರ್ಶಿ ಮುಚ್ಚಲಿಲ್ಲ, ಬೇಕೆಂದೇ ಮುಚ್ಚಲಿಲ್ಲ, ಪ್ರಾರ್ಥನೆಯೆಲ್ಲ ಮೂಗಿನಲ್ಲೇ ಸಾಗಿತು, ಸರಿ, ಆದರೆ ಕೊನೆಗೆ ಆಮೆನ್ ಇದೆಯಲ್ಲ, ಬಾಯಿ ತೆರೆಯದೆ ಆ ಎನ್ನುವುದು ಹೇಗೆ ಅಯ್ಯನವರೇ, ತುಟಿ ಅದುರುತ್ತಿದೆ, ಸರಿಯುತ್ತಿದೆ, ಆ — ಹಲ್ಲು, ಹಲ್ಲು