ಎರಡು ಹೊತ್ತು ಕರೆದು ನೋಡಿದ ಟ್ಯಾಬು

ಡೈರಿಗೆ ಹಾಕಿ ಮನೆಗೆ ಉಳಿಸಿಕೊಂಡ ಹಾಲನ್ನು ಒಲೆಯ ಮೇಲಿಟ್ಟು ಕಾಯುತ್ತ ನಿಂತಿದ್ದೆ. ಭಾನುವಾರ. ಮಗಳು ಧನುಶ್ರೀ ಅಡುಗೆಕಟ್ಟೆಗೆ ಗದ್ದ ಊರಿಕೊಂಡು ಪಾತ್ರೆಯನ್ನೇ ನೋಡುತ್ತಿದ್ದಳು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದವು. ಅವಳ ಬಾಯಿ ಮೆಲ್ಲಗೆ ತೆರೆಯಿತು. ಏನೋ ಕೇಳುತ್ತಾಳೆ, ಇವತ್ತಾದರೂ ಕೇಳುತ್ತಾಳೆ ಎಂದು ನಾನು ಉಸಿರು ಬಿಗಿಹಿಡಿದೆ.

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು.

"ಅತ್ಗೇ, ಬಾಗ್ಲು ತೆಗೀರಿ! ಧನೂಗೆ ಏನ್ ತಂದಿವ್ನಿ ನೋಡ್ರಿ!"

ನನ್ನ ಮೈದುನ ತಿಮ್ಮರಾಜು. ನಾನು ಬಾಗಿಲ ಕಡೆ ತಿರುಗಿದೆ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಮಗಳ ಬಾಯಿ ಮುಚ್ಚಿಕೊಂಡಿತು.

ಈ ವರ್ಷ ಅವಳನ್ನು ಪಾಲಹಳ್ಳಿಯಿಂದ ಶ್ರೀರಂಗಪಟ್ಟಣದ ಶಾಲೆಗೆ ಹಾಕಿದ್ದೆವು. ಮೊದಮೊದಲಲ್ಲೇ ಯಾರೋ, ಬೆಳಗ್ಗೆ ಏನು ಕುಡಿದು ಬಂದೆ ಎಂದು ಕೇಳಿದರಂತೆ. "ಆಲು" ಎಂದಳಂತೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತಂತೆ. ನಮ್ಮ ಮನೆಯಲ್ಲಿ ಆಲು ಆಲೇ, ಅಸ ಅಸವೇ; ಅದು ತಪ್ಪೆಂದು ಮಗುವಿಗೆ ಗೊತ್ತಾದದ್ದು ಆವತ್ತು. ಆಮೇಲೆ ಅವಳು ಶಾಲೆಯಲ್ಲಿ ಮಾತು ಬಿಟ್ಟಳು, ಮನೆಯಲ್ಲಿ ಪ್ರಶ್ನೆ ಬಿಟ್ಟಳು. ಹಾಲು ಬೇಕಾದರೆ ಲೋಟ ತೋರಿಸುತ್ತಾಳೆ. ಹಸುವನ್ನು ಗೌರಿ ಎಂದು ಹೆಸರು ಹಿಡಿದು ಕರೆದು ಪಾರಾಗುತ್ತಾಳೆ. ಹೂವಂತೂ ನಮ್ಮ ಮನೆಯಲ್ಲಿ ಈಗ ಬರೀ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಮೊದಲು ನನ್ನ ಸೆರಗು ಹಿಡಿದು "ಯಾಕೆ, ಯಾಕೆ" ಎಂದು ಪ್ರಾಣ ತಿನ್ನುತ್ತಿದ್ದ ಮಗು ಅದು.

ತಿಮ್ಮರಾಜು ಪಾಂಡವಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಗಿರಾಕಿಗಳ ಹತ್ತಿರ ಶುದ್ಧವಾಗಿ ಮಾತಾಡಬೇಕೆಂದು ಅಲ್ಲಿ ಅವನಿಗೆ 'ಹ' ಕಲಿಸಿದ್ದಾರೆ. ಕಲಿಸಿದವರು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಲಿಲ್ಲ.

"ನೋಡ್ರಿ ಅತ್ಗೆ, ಇದ್ರಲ್ಲಿ ಎಲ್ಲಾ ಹಾಪೂ ಐತೆ. ಮಕ್ಕಳ ಹಾಪು, ಪಾಠದ ಹಾಪು. ಈ ತಿಂಗ್ಳು ಹಾಫರ್ ಬೇರೆ!"

"ಅದೇನ್ಲಾ ಹಾಪು ಹಾಪು ಅಂತ ನಾಯಿ ಬೊಗ್ಳ್ದಂಗೆ?" ಎಂದರು ಜಗಲಿಯಿಂದ ನಮ್ಮತ್ತೆ ದ್ಯಾವಮ್ಮ.

ಅವನು ಪೆಟ್ಟಿಗೆ ಬಿಚ್ಚಿ ಟ್ಯಾಬನ್ನು ನನ್ನ ಕೈಗಿಟ್ಟ. ಪೆಟ್ಟಿಗೆಯೇ ಚೆನ್ನಾಗಿತ್ತು. ಬೆನ್ನನ್ನು ಹೆಬ್ಬೆರಳಲ್ಲಿ ಒತ್ತಿದರೆ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಹಾಗೆ ಒಳಕ್ಕೆ ಹೋಗಿ ಟಕ್ಕೆಂದು ಈಚೆ ಬಂತು. ಕಿಟಕಿಯ ಬಿಸಿಲು ಬಿದ್ದ ಕಡೆ ಹಿಡಿದರೆ ಚಿತ್ರ ಹೋಗಿ ನನ್ನ ಮುಖವೇ ಕಂಡಿತು, ಅದನ್ನು ನೋಡುವುದಕ್ಕೆ ನಮ್ಮ ಮನೆಯಲ್ಲಿ ಕನ್ನಡಿ ಇದೆ. ಹಾಡು ಹಾಕಿದ, ಯಾರೋ ಖಾಲಿ ಕೊಡದೊಳಗೆ ತಲೆಯಿಟ್ಟು ಹಾಡಿದಂತಿತ್ತು. ಒಂದು ಶಿಶುಗೀತೆ ಬರುವ ಮೊದಲು ತಲೆಗೆ ಹಚ್ಚುವ ಎಣ್ಣೆಯವಳೊಬ್ಬಳು ಬಂದಳು, ಆಮೇಲೆ ಸಾಲ ಕೊಡುವವನೊಬ್ಬ ಬಂದ, ಆಮೇಲೆ ಬಿಳಿ ಚಕ್ರ ಸುತ್ತುತ್ತಲೇ ಇತ್ತು.

"ಇದೇನು ತಿಮ್ಮರಾಜು, ತಿರುಗ್ತಾನೇ ಅದಲ್ಲ?"

"ಯೋಚ್ನೆ ಮಾಡ್ತೈತೆ ಅತ್ಗೆ."

"ತೆಗೊಳೋರು ಮಾಡ್ಬೇಕಾದ್ದು ಕಣಪ್ಪ ಅದು."

ಅವನು ನಕ್ಕು, ದನಿ ತಗ್ಗಿಸಿದ. "ಅತ್ಗೆ, ಬ್ಯಾರೆ ಎಲ್ಲ ಬುಡಿ. ಇದ್ರತ್ರ ಬಾಯಲ್ಲೇ ಏನ್ ಬೇಕಾದ್ರೂ ಕೇಳ್ಬೋದು, ಕನ್ನಡದಲ್ಲೇ. ಧನು ಜನ್ರತ್ರ ಮಾತಾಡಕಿಲ್ಲ, ಸರಿ. ಮಿಶೀನತ್ರ ಆಡ್ತಾಳೆ. ಮಿಶೀನು ನಗಾಕಿಲ್ಲ ಕಣತ್ಗೆ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮಗು ಮಾತಾಡುವ ಹಾಗಾದರೆ ಈ ಮುಚ್ಚಳವನ್ನೂ ತಲೆಯ ಮೇಲಿಟ್ಟುಕೊಳ್ಳಲು ಸಿದ್ಧಳಿದ್ದೆ. ಯಜಮಾನರು ಕೆಲಸಕ್ಕೆ ಹೋಗುವ ಮುಂಚೆ ಅದನ್ನೇ ಹೇಳಿದ್ದರು: "ತಮ್ಮ ಬತ್ತಾನೆ. ಅವಳು ಮಾತಾಡಂಗಾದ್ರೆ ತಕೋ, ಇಲ್ದಿದ್ರೆ ಬ್ಯಾಡ."

ತಿಮ್ಮರಾಜು ಟ್ಯಾಬನ್ನು ಧನುಶ್ರೀಯ ಮುಂದೆ ಹಿಡಿದ. "ಕೇಳು ಪುಟ್ಟಿ. ಮನ್ಸಲ್ಲಿ ಏನೈತೋ ಅದ್ನ ಕೇಳು."

ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ತುಟಿಯನ್ನು ಗಾಜಿಗೆ ತಾಗಿಸುವಷ್ಟು ಬಗ್ಗಿ ಪಿಸುಗುಟ್ಟಿದಳು. ನಮಗ್ಯಾರಿಗೂ ಕೇಳಿಸಲಿಲ್ಲ. ಚಕ್ರ ಸುತ್ತಿತು. ಪರದೆಯ ತುಂಬ ಆಲೂಗಡ್ಡೆ ಬಂದವು. ಬೇಯಿಸಿದವು, ಸುಲಿದವು, ಪಲ್ಯವಾದವು, ಬೋಂಡಾ ಆದವು.

ಮಗು ಹಾಲಿನ ಬಗ್ಗೆ ಏನೋ ಕೇಳಿತ್ತು. ಏನೆಂದು ಅವಳಿಗೆ ಮಾತ್ರ ಗೊತ್ತು. 'ಆಲು' ಎಂದರೆ ಈ ಬುದ್ಧಿವಂತ ತಟ್ಟೆಗೆ ಗೊತ್ತಿದ್ದದ್ದು ಗಡ್ಡೆ ಒಂದೇ.

"ಹಾಲು ಅನ್ನು ಪುಟ್ಟಿ, ಹಾ... ಹಾಲು! ನೀನು ಸರ್ಯಾಗಿ ಹೇಳಿದ್ರೆ ಹದೂ ಸರ್ಯಾಗಿ ಹೇಳ್ತದೆ," ಎಂದ ತಿಮ್ಮರಾಜು.

ಮಿಶೀನು ನಗಲಿಲ್ಲ, ನಿಜ. ಮಗಳ ಕಿವಿ ಮಾತ್ರ ಕೆಂಪಾಯಿತು.

ಆಗಲೇ ವಾಪಸು ಕೊಡಬೇಕಿತ್ತು. ಅತ್ತೆ ತಡೆದರು.

"ಬುಟ್ಟೋಗ್ಲಾ ಇದ್ನ ಸಂದೆಗಂಟ. ಅಸ ತರುವಾಗ ಎರಡೊತ್ತು ಕರ್ದು ನೋಡ್ದೆ ತತ್ತೀವಾ?"

ನಮ್ಮ ಕಡೆ ಹಾಗೇ. ಹಿಂದಿನ ಸಂಜೆ ಕರೆಯದೆ ಬಿಟ್ಟು ಬೆಳಗ್ಗೆ ತುಂಬಿದ ಕೆಚ್ಚಲು ತೋರಿಸುವವರು ಇರುತ್ತಾರೆ. ಅದಕ್ಕೆ ಬೆಳಗ್ಗೆಯೂ ಕರೆದು, ಸಂಜೆಯೂ ಕರೆದು, ಆಮೇಲೆ ಹಗ್ಗ ಹಿಡಿಯುವುದು. ತಿಮ್ಮರಾಜು ಒಪ್ಪಿ, ಗಂಜಾಂನಲ್ಲಿ ಸ್ನೇಹಿತನೊಬ್ಬನನ್ನು ನೋಡಿಕೊಂಡು ಸಂಜೆ ಬರುವುದಾಗಿ ಹೇಳಿ ಹೋದ.

ಇಡೀ ದಿನ ನಾನು ಕೆಲಸದ ನಡುನಡುವೆ ಅದನ್ನು ಗಮನಿಸುತ್ತಲೇ ಇದ್ದೆ. ಬಟ್ಟೆ ಒಗೆದು ಬರುವಷ್ಟರಲ್ಲಿ ಅದರ ಬೆನ್ನು ಬಿಸಿಯಾಗಿತ್ತು, ರೊಟ್ಟಿ ಬೇಯುವಷ್ಟಲ್ಲ, ಮಗುವಿನ ತೊಡೆ ಸುಡುವಷ್ಟು. ಮುದ್ದೆ ತಿರುವಿ ಬಂದಾಗ ಯಾರೂ ಕೇಳದ ಬೊಂಬೆಯೊಂದು ಕುಣಿಯುತ್ತಿತ್ತು; ಮಗಳು ತುತ್ತನ್ನು ಕೈಯಲ್ಲಿ ಹಿಡಿದು ನುಂಗುವುದನ್ನು ಮರೆತಿದ್ದಳು. ಬಿಸಿಲು ಇಳಿಯುವ ಮೊದಲೇ ಚಾರ್ಜು ಮುಗಿದು ಬಾಲದಂತೆ ವೈರು ಸಿಕ್ಕಿಸಿಕೊಂಡು ಗೋಡೆ ಮೂಲೆ ಸೇರಿತು. ನಮ್ಮ ಗೌರಿಯೂ ಕಟ್ಟಿದ ಕಡೆಯೇ ಇರುತ್ತಾಳೆ, ಆದರೆ ಏನಾದರೂ ಕೊಡುತ್ತಾಳೆ.

ಸಂಜೆ ಕೊಟ್ಟಿಗೆಗೆ ಹೋಗಲೆಂದು ಬಕೆಟ್ ತೆಗೆದುಕೊಳ್ಳಲು ಬಂದೆ. ಮೂಲೆಯಿಂದ ಒಂದು ಸದ್ದು ಕೇಳಿ ಬಾಗಿಲಲ್ಲೇ ನಿಂತೆ.

ಧನುಶ್ರೀ ಟ್ಯಾಬಿನ ಮುಂದೆ ಮಂಡಿಯೂರಿ ಕೂತಿದ್ದಳು. "ಹ್... ಹ್ಹಾ... ಹ್ಹಾ..." ಕತ್ತಿನ ನರ ಉಬ್ಬಿತ್ತು. ಓಡಿ ಬಂದ ಕರುವಿನ ಹಾಗೆ ಏದುತ್ತಿದ್ದಳು. ಅದು ಕೊಡದೊಳಗಿನ ದನಿಯಲ್ಲಿ ಹೇಳಿತು: "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ." ಅವಳು ಮತ್ತೊಮ್ಮೆ ಹೇಳಿದಳು. ಅದು ಮತ್ತೊಮ್ಮೆ ಕ್ಷಮೆ ಕೇಳಿತು. ಅವಳು ಎರಡೂ ಕೈಯಿಂದ ಬಾಯಿ ಒರೆಸಿಕೊಂಡಳು, ಬಾಯಲ್ಲೇ ಏನೋ ಕೊಳೆ ಇದೆ ಎನ್ನುವಂತೆ.

ನಾನು ಒಳಗೆ ಹೋದೆ. ವೈರು ಕಿತ್ತೆ. ಟ್ಯಾಬನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಹಾಲು ಕರೆಯುವಷ್ಟು ಹೊತ್ತೂ ಅವಳು ಗೌರಿಯ ಮೈಗೆ ಒರಗಿಕೊಂಡು ನಿಂತಿದ್ದಳು.

ಡೈರಿಗೆ ಹಾಕಿ ಬರುವಷ್ಟರಲ್ಲಿ ತಿಮ್ಮರಾಜು ಜಗಲಿಯ ಮೇಲೆ ಕೂತಿದ್ದ.

"ಏನತ್ಗೆ, ಬಿಲ್ ಹಾಕ್ಸ್‌ಬುಡ್ಲಾ?"

ಅತ್ತೆ ಎಲೆಯಡಿಕೆ ಉಗಿದು ಬಂದು ಕೇಳಿದರು. "ಇರ್ಲಾ, ಒಸಿ ತಡಿ. ಎರಡೊತ್ತೂ ಕರ್ದಾಯ್ತಲ್ಲ, ಏನ್ ಕೊಡ್ತವ್ವ ಅದು?"

"ಆಲೇ ಕೊಡ್ತು ಕಣತ್ತೆ," ಎಂದೆ. "ಬೆಳಿಗ್ಗೆ ಬೇಯ್ಸಿದ್ದು, ಸಂದೆ ಒತ್ಗೆ ಅದೂ ಇಲ್ಲ. ಕೆಚ್ಚಲು ಮಾತ್ರ ದೊಡ್ದು."

"ಅತ್ಗೆ, ಅದು ಅವಳು ಹೇಳೋದು ತಪ್ಪು..."

"ಅವಳು ಏಳಾದು ಅವಳ ತಾಯಿ ಮಾತು ಕಣೋ. ನಾನೂ ಆಲು ಅಂತೀನಿ, ನಿಮ್ಮವ್ವನೂ ಆಲು ಅಂತಾರೆ, ನೀನು ಕುಡ್ದು ಬೆಳ್ದಿದ್ದೂ ಆಲೇಯ. ಅಂಗಡಿಗೆ ಓಗಿ ಎರಡು ದಿನಕ್ಕೆ ಹಾಪು ಆಗೋಯ್ತಾ? ನನ್ ಮಗೀನ ಮಾತು ತಿಳೀದ್ ಮಾಲು ನನ್ ಮನೇಗೆ ಬ್ಯಾಡ. ಎತ್ಕೊಂಡೋಗು, ನಿನ್ ಗಿರಾಕಿಗಳ್ಗೆ ಗಡ್ಡೆ ಮಾರು."

ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು. ತಿಮ್ಮರಾಜುವೂ ತಲೆ ಕೆರೆಯುತ್ತ ನಕ್ಕ. "ಆಯ್ತು ಬುಡಿ ಅತ್ಗೆ. ಒಂದ್ ಲೋಟ ಕಾಪಿನಾದ್ರೂ ಕೊಡಿ. ಆಲು ಜಾಸ್ತಿ ಆಕಿ."

ಹಿಂದೆ ಏನೋ ಕಿಸಕ್ಕೆಂದಿತು. ಧನುಶ್ರೀ ಬಾಗಿಲ ಮರೆಯಲ್ಲಿದ್ದಳು.

ಒಲೆ ಹಚ್ಚಿ ಪಾತ್ರೆ ಇಟ್ಟೆ. ಅವಳು ಬಂದು ಕಟ್ಟೆಗೆ ಗದ್ದ ಊರಿದಳು. ಅಂಚಿನಲ್ಲಿ ಗುಳ್ಳೆ ಎದ್ದವು, ಕೆನೆ ನಡುಗಿತು, ಮೆಲ್ಲಗೆ ಉಬ್ಬಿ ಮೇಲಕ್ಕೆ ಬಂತು. ಉರಿ ತಗ್ಗಿಸಲು ಹೋದ ಕೈಯನ್ನು ನಾನೇ ತಡೆದುಕೊಂಡೆ. ಉಕ್ಕಿದರೆ ಉಕ್ಕಲಿ. ಹಾಲು ಪಾತ್ರೆಯ ಬಾಯಿ ದಾಟಿತು. ನನ್ನ ಸೆರಗನ್ನು ಒಂದು ಪುಟ್ಟ ಕೈ ಬಿಗಿಯಾಗಿ ಹಿಡಿಯಿತು.

"ಅಮ್ಮಾ," ಎಂದಳು ಧನುಶ್ರೀ, ಜಗಲಿಯವರೆಗೂ ಕೇಳುವ ಹಾಗೆ, "ನೀರು ಕಾಯ್ಸಿದ್ರೆ ಒಳ್ಗೇ ಕುದೀತದೆ. ಆಲು ಯಾಕಮ್ಮ ಉಕ್ಕಿ ಈಚೆ ಬತ್ತದೆ?"